ಸಹಿಗಿಂತ ಮೊದಲಿನ ಚಹಾ

ನಮ್ಮ ಮನೆಯ ಗೋಡೆಗೂಡಿನಲ್ಲಿ ಒಂದು ಬಸಿ ಇದೆ. ಬಸಿ ಎಂದರೆ ಕಪ್ಪಿನ ಕೆಳಗಿಡುವ ತಟ್ಟೆ. ನಮ್ಮ ಕಡೆ ಚಹಾ ಕುಡಿಯುವುದು ಕಪ್ಪಿನಿಂದಲ್ಲ, ಈ ಬಸಿಯಿಂದ. ಕುದಿಯುವ ಚಹಾವನ್ನು ಅದಕ್ಕೆ ಸುರಿದು, ಎರಡು ಸಲ ಊದಿ, ಅಂಚಿಗೆ ತುಟಿ ಹಚ್ಚಿ ಸುರ್ರೆಂದು ಎಳೆದರೆ ಮಾತ್ರ ಅದು ಚಹಾ, ಉಳಿದದ್ದೆಲ್ಲ ಬಣ್ಣದ ನೀರು ಎಂಬುದು ಅವ್ವನ ಸಿದ್ಧಾಂತ. ಗೂಡಿನಲ್ಲಿರುವ ಈ ಬಸಿಯ ಅಂಚು ಒಂದು ಕಡೆ ಹಾರಿಹೋಗಿದೆ, ನೀಲಿ ಹೂಬಳ್ಳಿ ಅರ್ಧಕ್ಕೇ ನಿಂತುಬಿಟ್ಟಿದೆ, ಅದರ ಜೋಡಿ ಕಪ್ಪನ್ನು ನಾನಂತೂ ಕಂಡಿಲ್ಲ. ಆದರೂ ಯಾರೂ ಅದನ್ನು ಎಸೆದಿಲ್ಲ. ಯಾಕೆ ಎಂದು ನಾನೂ ಕೇಳಿರಲಿಲ್ಲ. ಹತ್ತಿರದ ವಸ್ತುವಿನ ಬಗ್ಗೆ ಕುತೂಹಲ ಹುಟ್ಟಬೇಕಾದರೆ ಎಷ್ಟು ದೂರ ಹೋಗಿಬರಬೇಕು ನೋಡಿ. ನಾನು ಔರಾದ್ ತಾಲ್ಲೂಕಿನ ಕೊನೆಯವರೆಗೆ ಹೋಗಿಬರಬೇಕಾಯಿತು.

ನಾನು ಓದಿದ್ದು ಬಿ.ಕಾಂ. ಖಟಕ ಚಿಂಚೋಳಿಯಿಂದ ದಿನಾ ಬಸ್ಸು ಹಿಡಿದು ಭಾಲ್ಕಿಗೆ ಬಂದು, ಅಲ್ಲಿಯ ಒಂದು ಆನ್‌ಲೈನ್ ಸೆಂಟರಿನಲ್ಲಿ ಜನರ ಅರ್ಜಿ ತುಂಬುವುದು, ಪಹಣಿ ತೆಗೆದುಕೊಡುವುದು, ಟೈಪು ಮಾಡುವುದು ನನ್ನ ಉದ್ಯೋಗ. ಮನಃಶಾಸ್ತ್ರ ನಾನು ಯಾವ ಕಾಲೇಜಿನಲ್ಲೂ ಕಲಿತಿಲ್ಲ. ಸರ್ವರ್ ಡೌನ್ ಆಗಿ ಜನ ಬೈದುಕೊಂಡು ಹೊರಗೆ ಕೂತಾಗ, ಬಸ್ಸು ಕೆಟ್ಟು ದಾರಿಯಲ್ಲಿ ನಿಂತಾಗ, ಮೊಬೈಲಿನಲ್ಲಿ ಹನಿಹನಿಯಾಗಿ ಕಲಿತದ್ದು. ನೆನಪು ಎಂದರೇನು, ಮರೆವು ಎಂದರೇನು, ಒಬ್ಬರು ಸುಳ್ಳು ಹೇಳುವಾಗ ಅವರೇ ಅದನ್ನು ಯಾವಾಗ ನಂಬಲು ಶುರುಮಾಡುತ್ತಾರೆ: ಇಂಥ ಪ್ರಶ್ನೆಗಳನ್ನು ಜಾತಿ ಪ್ರಮಾಣಪತ್ರದ ಅರ್ಜಿ ತುಂಬುತ್ತಲೇ ಯೋಚಿಸುವ ಸುಖ ಏನೆಂದು ಅನುಭವಿಸಿದವರಿಗೇ ಗೊತ್ತು.

ಹೀಗಿರುವಾಗ ಬೀದರ್‌ನಿಂದ ಒಬ್ಬರು ಮೇಡಂ ಪ್ರಶ್ನಾವಳಿಯೊಂದನ್ನು ಕನ್ನಡದಲ್ಲಿ ಟೈಪು ಮಾಡಿಸಲು ಬಂದರು. ಅವರದು ಸಂಶೋಧನೆ. ಮರಾಠಿ ತವರಿನಿಂದ ಕನ್ನಡದ ಮನೆಗೆ ಸೊಸೆಯಾಗಿ ಬಂದು, ಎರಡೂ ಭಾಷೆಯಲ್ಲಿ ಬದುಕು ಮಾಡಿದ ಹೆಂಗಸರಿಗೆ ಬಾಲ್ಯದ ನೆನಪು ಯಾವ ಭಾಷೆಯಲ್ಲಿ ಬರುತ್ತದೆ? ಟೈಪು ಮಾಡುತ್ತಾ ಮಾಡುತ್ತಾ ನನ್ನ ಬೆರಳು ನಿಂತವು. ಏಕೆಂದರೆ ನಮ್ಮ ಮನೆಯಲ್ಲೂ ಎರಡು ಭಾಷೆ. ಅವ್ವ ಲೆಕ್ಕ ಹಾಕುವುದು ಕನ್ನಡದಲ್ಲಿ, ನನ್ನನ್ನು ಬೈಯುವುದು ಮರಾಠಿಯಲ್ಲಿ. ಮೂರನೆಯ ಪ್ರಶ್ನೆ ಹೀಗೆ ಕೇಳಿದರೆ ಯಾರಿಗೂ ತಿಳಿಯುವುದಿಲ್ಲ ಎಂದೆ. ಹೇಗೆ ಕೇಳಬೇಕು ಎಂದರು. ಹೇಳಿದೆ. ವಾರದೊಳಗೆ ನಾನು ಅವರ ಸಹಾಯಕಿಯಾಗಿದ್ದೆ.

ಜನರನ್ನು ಕೇಳಲು ಹೋಗುವ ಮೊದಲು ಕೇಳಬಹುದೇ ಎಂದು ಕೇಳಬೇಕಾದ ಒಂದು ಸಮಿತಿ ಇರುತ್ತದೆ ಎಂಬುದು ನನಗೆ ಗೊತ್ತಾದದ್ದು ಆಗ. ಕಾಲೇಜಿನ ಎಥಿಕ್ಸ್ ಕಮಿಟಿ. ಅವರಿಗೊಂದು ಉದ್ದನೆಯ ಅರ್ಜಿ ಹಾಕಬೇಕು: ಯಾರನ್ನು ಕೇಳುತ್ತೀರಿ, ಏನು ಕೇಳುತ್ತೀರಿ, ಅವರು ಹೇಳಿದ್ದನ್ನು ಎಲ್ಲಿ ಇಡುತ್ತೀರಿ, ನಡುವೆ ಎದ್ದುಹೋದರೆ ಬಿಡುತ್ತೀರಾ. ಅದೂ ನಾನೇ ಟೈಪು ಮಾಡಿದೆ. ‘ಭಾಗವಹಿಸುವವರಿಗೆ ಆಗಬಹುದಾದ ತೊಂದರೆ’ ಎಂಬ ಸಾಲಿನ ಮುಂದೆ ಮೇಡಂ ಹೇಳಿದಂತೆ ‘ಇಲ್ಲ’ ಎಂದು ಒತ್ತಿದೆ. ಸೂಜಿ ಚುಚ್ಚುವುದಿಲ್ಲ, ಗುಳಿಗೆ ನುಂಗಿಸುವುದಿಲ್ಲ, ಬರೀ ಮಾತು. ಮಾತಿನಿಂದ ಯಾರಿಗೇನು ತೊಂದರೆ? ನಮ್ಮ ಓಣಿಯ ನೀರಿನ ನಲ್ಲಿಯ ಹತ್ತಿರ ಒಂದು ಬೆಳಿಗ್ಗೆ ನಿಂತವರೂ ಬರೆಯಲಾರದ ಉತ್ತರ ಅದು. ಆದರೆ ಕಂಪ್ಯೂಟರಿನ ಮುಂದೆ ಕೂತಾಗ ಮನುಷ್ಯ ತನ್ನ ಓಣಿಯನ್ನು ಮರೆತುಬಿಡುತ್ತಾನೆ.

ಕಮಿಟಿ ಒಪ್ಪಿತು, ಆದರೆ ಒಂದು ಷರತ್ತು: ಮೊದಲ ಹನ್ನೆರಡು ಜನರಾದ ಮೇಲೆ ಬಂದು, ಒಪ್ಪಿಗೆ ಹೇಗೆ ಪಡೆದಿರಿ ಎಂದು ಹೇಳಿ ಮುಂದುವರಿಯಬೇಕು.

ಸರಿ, ಹೊರಟೆವು. ಡಾಬಕಾ ಕಡೆಗೆ ಹೋಗುವ ಬಸ್ಸಿನ ದಾರಿಯಲ್ಲಿ ಸಿಗುವ ಕೆಲವು ಊರುಗಳು. ಯಾವ ಊರು, ಯಾರ ಮನೆ ಎಂದು ಇಲ್ಲಿ ಬರೆಯುವುದಿಲ್ಲ. ಭಾಗವಹಿಸುವವರ ಮಾತು ಯಾರ ಕಿವಿಗೂ ಬೀಳದಂತೆ ಬೇರೆ ಕೋಣೆಯಲ್ಲಿ ಕೂಡಿಸಬೇಕು ಎಂದು ಅರ್ಜಿಯಲ್ಲಿ ಬರೆದಿದ್ದೆವಲ್ಲ, ಆ ಊರುಗಳಲ್ಲಿ ಬಾಗಿಲು ಮುಂದೆ ಮಾಡಿದ ಕೂಡಲೇ ಒಳಗೆ ಯಾರಿಗೋ ಹೆಚ್ಚುಕಡಿಮೆಯಾಗಿದೆ ಎಂದು ಅಕ್ಕಪಕ್ಕದವರು ಓಡಿಬರುತ್ತಿದ್ದರು. ಒಬ್ಬರನ್ನು ಪ್ರಶ್ನೆ ಕೇಳಿದರೆ ಕಿಟಕಿಯಿಂದ ಇನ್ನೊಬ್ಬರು ಉತ್ತರ ಹೇಳುತ್ತಿದ್ದರು. ಹೆಸರು ಬರೆಯುವುದಿಲ್ಲ, ನಿಮಗೊಂದು ನಂಬರು ಕೊಡುತ್ತೇವೆ ಎಂದರೆ ಒಬ್ಬಾಕೆಗೆ ಸಿಟ್ಟೇ ಬಂತು: “ಯಾಕ, ನಮ್ಮಪ್ಪ ಹೆಸರಿಟ್ಟಿಲ್ಲೇನು ನನಗ? ನಂಬರ್ ಹಾಕ್ಲಾಕ ನಾ ಏನ್ ಬಸ್ಸೇನು?”

ಏಳನೆಯವರು ಒಬ್ಬ ಮುದುಕಿ. ನಾನು ‘ಆಯಿ’ ಎಂದು ಕರೆಯುತ್ತಿದ್ದೆ, ನೀವೂ ಹಾಗೇ ಕರೆಯಿರಿ. ಹೋದ ಕೂಡಲೇ ಕಾಲಿಗೆ ನೀರು ಕೊಟ್ಟು, ಚಹಾ ಕೊಟ್ಟು, ನಾವು ಕುಡಿದು ಬಸಿ ಕೆಳಗಿಟ್ಟ ಮೇಲೆ “ಏನ್ ಬಂದಿದ್ರಿ?” ಎಂದರು. ಮೇಡಂ ಒಪ್ಪಿಗೆ ಪತ್ರ ತೆಗೆದು ಓದಲು ಶುರುಮಾಡಿದರೆ ಆಯಿ ಕೈಯಾಡಿಸಿ, “ಓದೋದು ಬಿಡ್ರಿ, ಎಲ್ಲಿ ಸಹಿ ಮಾಡ್ಲಿ ತೋರಸ್ರಿ” ಎಂದು ಮಾಡಿಯೇಬಿಟ್ಟರು. ನಾನು ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ ನಡುವೆ ಇಟ್ಟೆ. ಅಡುಗೆಮನೆಯಲ್ಲಿ ಸೊಸೆ ರೊಟ್ಟಿ ಬಡಿಯುತ್ತಿದ್ದಳು. ಆಕೆ ಕಮಠಾಣದ ಕಡೆಯವಳು, ಮರಾಠಿ ಬಾರದು. ಆಯಿ ಕನ್ನಡದಲ್ಲಿ ತವರಿನ ಬಾವಿ, ತವರಿನ ಬೇವಿನಮರ ಎಲ್ಲ ಹೇಳುತ್ತಾ ಹೇಳುತ್ತಾ ಒಂದು ಕಡೆ ನಿಂತರು. ಮುಂದಿನದನ್ನು ಮರಾಠಿಯಲ್ಲಿ ಹೇಳಿದರು. ಮಾತು ಸಣ್ಣಗಾಯಿತು, ಅವರೇ ಸಣ್ಣವರಾದಂತೆ ಕಂಡಿತು. ಏನು ಹೇಳಿದರು ಎಂದು ನೀವು ಕೇಳುತ್ತೀರಿ, ನಾನು ಹೇಳುವುದಿಲ್ಲ. ಹೇಳಿ ಮುಗಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಮೇಡಂ ಹೊರಗೆ ಚಪ್ಪಲಿ ಮೆಟ್ಟುವಾಗ ನನ್ನನ್ನು ಹಿಂದಕ್ಕೆ ಕರೆದು ಕೇಳಿದರು:

“ಇದು ಯಾರ್ಯಾರು ಕೇಳ್ತಾರ, ಯವ್ವಾ?”

“ಮೇಡಂ ಒಬ್ರೇ ಕೇಳ್ತಾರ ಆಯಿ, ಫಿಕರ್ ಮಾಡಬ್ಯಾಡ್ರಿ,” ಎಂದೆ.

ಅದು ಪೂರ್ತಿ ಸುಳ್ಳಲ್ಲ. ಪತ್ರದ ಎರಡನೆಯ ಪುಟದಲ್ಲಿ ಮಾತ್ರ ಬೇರೆ ಇತ್ತು: ಮಾತನ್ನು ಬರಹಕ್ಕಿಳಿಸಿ, ಕನ್ನಡಕ್ಕೆ ತಂದು, ಹೆಸರಿಲ್ಲದೆ ಪ್ರಬಂಧದಲ್ಲಿ ಸೇರಿಸಲಾಗುವುದು. ಟೈಪು ಮಾಡಿದವಳು ನಾನೇ.

ಬಸ್ಸಿನಲ್ಲಿ ಮೇಡಂ ಕಣ್ಣು ಹೊಳೆಯುತ್ತಿದ್ದವು. ನೆನಪು ಆಳಕ್ಕಿಳಿದ ಕೂಡಲೇ ಭಾಷೆ ಬದಲಾಯಿತು, ತಾನು ಹುಡುಕುತ್ತಿದ್ದುದೇ ಇದು, ಪ್ರಬಂಧವನ್ನು ಆಯಿಯ ಮಾತಿನಿಂದಲೇ ಆರಂಭಿಸುತ್ತೇನೆ, ನಿನ್ನ ಹೆಸರನ್ನೂ ಹಾಕುತ್ತೇನೆ ಎಂದರು. ನನಗೆ ಬಸ್ಸು ನೆಲ ಬಿಟ್ಟು ಹೋಗುತ್ತಿದೆ ಅನ್ನಿಸಿತು.

ಹನ್ನೆರಡು ಮನೆ ಮುಗಿಸಿ ಬೀದರ್‌ಗೆ ಹೋದೆವು. ಕಮಿಟಿಯ ಉದ್ದನೆಯ ಮೇಜಿಗೆ ಒಬ್ಬರು ಡಾಕ್ಟರು, ಒಬ್ಬರು ವಕೀಲರು, ಮೂರು ಜನ ಪ್ರಾಧ್ಯಾಪಕರು, ಮತ್ತು ತುದಿಯಲ್ಲಿ ಬಿಳಿ ಟೋಪಿಯ ಒಬ್ಬರು ಹಿರಿಯರು. ಇಂಥ ಕಮಿಟಿಯಲ್ಲಿ ಯಾವ ಶಾಸ್ತ್ರವನ್ನೂ ಓದದ ಸಾಮಾನ್ಯ ಮನುಷ್ಯ ಒಬ್ಬರಾದರೂ ಇರಬೇಕಂತೆ. ಇವರು ನಿವೃತ್ತ ಪೋಸ್ಟ್‌ಮ್ಯಾನ್. ಎಲ್ಲರೂ ಕಾಕಾ ಎನ್ನುತ್ತಿದ್ದರು. ಡಾಕ್ಟರು, ವಕೀಲರು ಕೇಳಿದ್ದಕ್ಕೆಲ್ಲ ಮೇಡಂ ಚೆನ್ನಾಗಿಯೇ ಉತ್ತರ ಹೇಳಿದರು. ನನಗೂ ಏನಾದರೂ ಹೇಳಬೇಕೆನ್ನಿಸಿ, ಸಂದು ಸಿಕ್ಕಾಗ ಹೆಮ್ಮೆಯಿಂದ ಹೇಳಿದೆ:

“ಹನ್ನೆರಡೂ ಮಂದಿ ಒಪ್ಯಾರ್ರಿ ಸರ್. ಒಬ್ರೂ ಇಲ್ಲ ಅನ್ಲಿಲ್ರಿ.”

ತುದಿಯಿಂದ ಕಾಕಾ ತಲೆಯೆತ್ತಿದರು. “ಒಬ್ರೂ ಅನ್ಲಿಲ್ಲಾ?”

“ಇಲ್ರಿ ಕಾಕಾ.”

“ಅಲ್ಲೇ ನನಗ ಫಿಕರ್ ಹತ್ತದ ನೋಡವ್ವ. ಹನ್ನೆರಡ ಮಂದಿಗಿ ಮದವಿ ಊಟಕ್ಕ ಕರದ್ರೂ ಇಬ್ರು ತಪ್ಪಸ್ತಾರ. ಅವರ ಮನ್ಯಾಗ ಚಹಾ ಕುಡದ್ರೇನು?”

“ಕುಡದೇವ್ರಿ. ಕೊಟ್ಟಾಗ ಒಲ್ಲೆ ಅನ್ಲಾಕ ಬರ್ತದೇನ್ರಿ?”

“ಬರಂಗಿಲ್ಲ, ಬರಾಬರ್ ಅದ. ಸಹಿ ಮೊದಲೋ, ಚಹಾ ಮೊದಲೋ?”

ಯಾರೋ ನಕ್ಕರು. ಕಾಕಾ ನಗಲಿಲ್ಲ.

“ನಾ ಊರೂರ ರಿಜಿಸ್ಟ್ರಿ ಹಂಚೀನ್ರಿ. ಕೋರ್ಟಿನ ನೋಟಿಸ್ ಬರ್ತಿದ್ವು. ಬ್ಯಾಡಾದ್ರ ತಗೋಳಂಗಿಲ್ಲ ಅಂತ ವಾಪಸ್ ಕಳಸ್ಲಾಕ ಬರ್ತದ. ಆದ್ರ ತಮ್ಮ ಮನ್ಯಾಗ ಕೂತು ಚಹಾ ಕುಡದ ಪೋಸ್ಟ್‌ಮ್ಯಾನಗ ಒಲ್ಲೆ ಅನ್ನೋದು ಹ್ಯಾಂಗ? ಮನಿಗಿ ಬಂದಂವ ಅಂವ. ಸುಮ್ಮ ಸಹಿ ಮಾಡ್ತಿದ್ರು, ಆಮ್ಯಾಲ ನೋಟಿಸ್ ಹಿಡಕೊಂಡು ಅಳ್ತಿದ್ರು. ಅದು ಒಮ್ಮಿ ಕಂಡ ಮ್ಯಾಲ ನಾ ರಿಜಿಸ್ಟ್ರಿ ಇದ್ದ ದಿನ ಒಳಗೇ ಹೋಗ್ತಿರ್ಲಿಲ್ಲ. ಚಪ್ಪಲಿ ಬಿಡದಂಗ ಅಂಗಳದಾಗ ನಿಂದಿರ್ತಿದ್ದೆ. ಸಹಿ ಆದ ಮ್ಯಾಲ ಚಹಾ. ಜಿದ್ದಿನ ಮನಷ್ಯಾ ಅಂತ ಹೆಸರಾಯ್ತು ನಂದು, ಆಗ್ಲಿ.”

ಕಾಗದದ ಮೇಲೆ ನಮ್ಮದೆಲ್ಲವೂ ಸರಿಯಿತ್ತು. ಪತ್ರ ಎರಡು ಭಾಷೆಯಲ್ಲಿತ್ತು, ಸಹಿ ಇತ್ತು, ತಾರೀಖಿತ್ತು. ಚಹಾ ಮಾತ್ರ ಯಾವ ಅರ್ಜಿಯಲ್ಲೂ ಇರಲಿಲ್ಲ. ಕಮಿಟಿ ಹೇಳಿತು: ಹನ್ನೆರಡೂ ಜನರನ್ನು ಮತ್ತೆ ಕೇಳಿ, ‘ಇಲ್ಲ’ ಎನ್ನಲು ಬರುವಂತೆ ಕೇಳಿ. ಅಲ್ಲಿಯವರೆಗೆ ಯಾವುದನ್ನೂ ಬಳಸುವಂತಿಲ್ಲ. ಹೇಗೆ ಕೇಳುತ್ತೀರೆಂದು ಮೊದಲು ನಮಗೆ ಬರೆದುಕೊಡಿ.

ಹೊರಗೆ ಬಂದ ಮೇಲೆ ಮೇಡಂ ಮೆಟ್ಟಿಲ ಮೇಲೆ ಕೂತುಬಿಟ್ಟರು.

“ಆಯಿದು ಹೋದ್ರ ನನ್ನ ಕೆಲಸದ ಜೀವಾನೇ ಹೋಗ್ತದ, ಸುಜಾತಾ. ಸಹಿ ಅದ ಅಲ್ಲ ನಮ್ಮ ಕಡಿ?”

ಆಗ ನಾನು ಆಯಿ ಕೇಳಿದ ಮಾತನ್ನೂ ನಾನು ಕೊಟ್ಟ ಉತ್ತರವನ್ನೂ ಹೇಳಿದೆ. ಮೇಡಂ ಚೀಲದಿಂದ ಪತ್ರಗಳನ್ನು ತೆಗೆದು ಆಯಿಯ ಸಹಿ ಹುಡುಕಿದರು. ಆ ಸಹಿಯನ್ನು ನೋಡುತ್ತಾ ನನಗೊಂದು ಯೋಚನೆ ಹೊಳೆಯಿತು, ಹೊಳೆದದ್ದಕ್ಕೆ ಹೆದರಿಕೆಯೂ ಆಯಿತು: ಆಯಿ ಮರಾಠಿಗೆ ಹೊರಳಿದ್ದು ನೆನಪು ಮರಾಠಿಯಲ್ಲಿದ್ದುದರಿಂದಲೋ, ಅಥವಾ ಅಡುಗೆಮನೆಯ ಸೊಸೆಗೆ ಮರಾಠಿ ತಿಳಿಯದು ಎಂಬುದರಿಂದಲೋ? ನಾವು ನೆನಪಿನ ಭಾಷೆ ಎಂದುಕೊಂಡದ್ದು ಆ ಮನೆಯಲ್ಲಿ ಆಯಿಗಿದ್ದ ಒಂದೇ ಬಾಗಿಲಾಗಿರಬಹುದು. ಅದನ್ನು ಅವರು ಒಳಗಿನಿಂದ ಹಾಕಿಕೊಂಡಿದ್ದರು. ನಾವು ಕನ್ನಡಕ್ಕೆ ಅನುವಾದಿಸಿ ಅದನ್ನು ತೆರೆದಿಡಲು ಹೊರಟಿದ್ದೆವು.

ಅಂದು ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಅವ್ವ ರೊಟ್ಟಿ ತಿರುವಿಹಾಕುತ್ತಾ ಕೇಳಿದಳು. “ಮಂದಿಗಿ ಮಾರಿ ಮ್ಯಾಲ ಇಲ್ಲ ಅನ್ಲಾಕ ಬರಂಗಿಲ್ಲವ್ವಾ, ಏನ್ ಮಾಡ್ಲಿ?” ಎಂದರೆ ಆಕೆಗೆ ನಗು.

“ಬರಂಗಿಲ್ಲ ಅಂತ ಯಾರಂದ್ರು? ನಿನಗ ನೋಡ್ಲಾಕ ಬಂದಿದ್ರಲ್ಲ ಎರಡ ಮನಿಯೋರು. ಸುಸಲಾ ತಿಂದ್ರು, ಭಜಿ ತಿಂದ್ರು, ಹುಡುಗಿ ಛಲೋ ಅದಾಳ, ತಿಳಸ್ತೇವಿ ಅಂದ್ರು. ತಿಳಸ್ಯಾರೇನು?”

“ಇಲ್ಲ.”

“ಮತ್ತ? ಇಲ್ಲ ಅಂದಂಗೇ ಅಲ್ಲೇನು. ಅವರ ಮಾರೀನೂ ಉಳೀತು, ನಮ್ಮ ಮಾರೀನೂ ಉಳೀತು.”

ಓದುಗ ಮಿತ್ರರೇ, ನನ್ನನ್ನು ಎರಡು ಮನೆಯವರು ಬೇಡವೆಂದದ್ದು ವಿಜ್ಞಾನಕ್ಕೆ ಉಪಯೋಗವಾದೀತೆಂದು ನಾನು ಎಣಿಸಿರಲಿಲ್ಲ. ಮರುದಿನ ಮೇಡಂಗೆ ಹೇಳಿ ಕಮಿಟಿಗೆ ಬರೆದೆವು: ಅಂಗಳದಲ್ಲಿ ನಿಂತು ವಿಷಯ ತಿಳಿಸುತ್ತೇವೆ, ಉತ್ತರ ಅಂದೇ ಕೇಳುವುದಿಲ್ಲ, ಮೂರು ದಿನದೊಳಗೆ ಅವರಾಗಿ ಫೋನು ಮಾಡಿದರೆ ಒಪ್ಪಿಗೆ, ಮಾಡದಿದ್ದರೆ ಇಲ್ಲ. ಕಾರಣ ಕೇಳುವುದಿಲ್ಲ. ನಮ್ಮಲ್ಲಿ ಮೌನವನ್ನು ಒಪ್ಪಿಗೆಯೆಂದು ತಿಳಿಯುವುದು ಸಲೀಸು. ಕನ್ಯೆ ನೋಡಿಹೋದವರು ಮಾತ್ರ ಅದಕ್ಕೆ ಸರಿಯಾದ ಅರ್ಥವನ್ನು ಉಳಿಸಿಕೊಂಡು ಬಂದಿದ್ದಾರೆ. ಕಮಿಟಿ ಒಪ್ಪಿತು. ಕಾಕಾ ತಮ್ಮ ಕೈಯಿಂದಲೇ ‘ಚಪ್ಪಲಿ ಬಿಡತಕ್ಕದ್ದಲ್ಲ’ ಎಂದು ಒಂದು ಸಾಲು ಸೇರಿಸಿದ್ದರು.

ಆದರೆ ಚಹಾ ಬೇಡ ಎನ್ನುವುದು? ರೊಟ್ಟಿ ಮಾಡುತ್ತಿದ್ದ ಆ ರಾತ್ರಿ ಅದನ್ನೂ ಕೇಳಿದಾಗ ಅವ್ವನ ಮುಖದ ನಗು ಹೋಯಿತು. ಕೈ ತೊಳೆದುಕೊಂಡು ಗೂಡಿನಿಂದ ಆ ಬಸಿ ತೆಗೆದಳು.

“ಇದು ನಿಮ್ಮ ಮುತ್ಯಾಂದು. ಅಂವ ದುಡೀಲಾಕ ಹೋಗ್ತಿದ್ದ ಮನ್ಯಾಗ ಇದನ್ನ ಹೊರಗಿನ ಗ್ವಾಡಿ ಸಂದ್ಯಾಗ ಇಡ್ತಿದ್ರು, ಅಂವಗ ಅಂತ ಬ್ಯಾರೆ. ಮ್ಯಾಲಿಂದ ಚಹಾ ಹಾಕ್ತಿದ್ರು. ಕುಡದು, ತೊಳದು, ತಿರಗಿ ಅಲ್ಲೇ ಬೋರಲ ಹಾಕಬೇಕು. ಒಂದಿನ ಬೋರಲ ಹಾಕ್ಲಿಲ್ಲ, ಅಂಗಿಯೊಳಗ ಇಟಕೊಂಡು ಮನಿಗಿ ಬಂದ. ಮತ್ತ ಆ ಮನಿಗಿ ಹೋಗ್ಲಿಲ್ಲ. ಯಾಕ ಅಂತ ಯಾರಿಗೂ ಹೇಳ್ಲಿಲ್ಲ.” ಬಸಿಯನ್ನು ಸೆರಗಿನಿಂದ ಒರೆಸಿ ತಿರುಗಿ ಇಟ್ಟಳು. “ಅದಕ್ಕೇ ಅಂತೇನಿ, ತಾವು ಕುಡಿಯೋ ಬಸ್ಯಾಗ ಕೊಟ್ಟೋರಿಗಿ ಒಲ್ಲೆ ಅನಬಾರ್ದು. ಈಗ ನಿನಗ ಅನಬೇಕಾಗ್ಯದ. ಹೋಗು, ಅಂದು ಬಾ.”

ನಮ್ಮ ಮನೆಯಲ್ಲಿ ದಿನಾ ಕಣ್ಣಿಗೆ ಬೀಳುವ ಜಾಗದಲ್ಲಿ ಅಜ್ಜನ ಒಂದು ‘ಇಲ್ಲ’ವನ್ನು ಇಷ್ಟು ವರ್ಷ ಜೋಪಾನ ಮಾಡಿಟ್ಟಿದ್ದರು, ನಾನು ಅದನ್ನು ಬರೀ ಅಂಚು ಒಡೆದ ಪಿಂಗಾಣಿ ಎಂದುಕೊಂಡಿದ್ದೆ.

ಆಯಿಯ ಅಂಗಳಕ್ಕೆ ನಾನೊಬ್ಬಳೇ ಹೋದೆ. ತೊಗರಿ ಹಸನು ಮಾಡುತ್ತಾ ಕೂತಿದ್ದವರು ಕಂಡ ಕೂಡಲೇ ಎದ್ದರು.

“ಬಾ ಬಾ, ಒಳಗ ಬಾ. ಚಹಾ ಇಡ್ತೇನಿ.”

“ಚಹಾ ಬ್ಯಾಡ್ರಿ ಆಯಿ. ಇಲ್ಲೇ ಒಂದ ಮಾತ ಹೇಳಿ ಹೋಗ್ತೇನಿ.”

ಮೊರ ಕೆಳಗಿಟ್ಟರು. “ಯಾಕ? ನಮ್ಮನಿ ಚಹಾ ಒಲ್ಯೇನು ಈಗ?”

ನನ್ನ ಮುತ್ಯಾನನ್ನು ಯಾರೂ ಹೀಗೆ ಕೇಳಿರಲಿಲ್ಲ. ಚಪ್ಪಲಿಯೊಳಗೆ ಬೆರಳು ಮಡಚಿಕೊಂಡು ನಿಂತೆ. ಆಮೇಲೆ ಸಣ್ಣ ದನಿಯಲ್ಲಿ, ಮರಾಠಿಯಲ್ಲೇ, ಎರಡನೆಯ ಪುಟದಲ್ಲಿದ್ದುದನ್ನೆಲ್ಲ ಹೇಳಿದೆ. ಅಂದು ನಾನು ತಪ್ಪು ಹೇಳಿದ್ದೆ, ಮೇಡಂ ಒಬ್ಬರೇ ಅಲ್ಲ ಕೇಳುವುದು. ಹೆಸರಿರುವುದಿಲ್ಲ, ಊರಿರುವುದಿಲ್ಲ, ಆದರೆ ಮಾತು ಇರುತ್ತದೆ, ಕನ್ನಡದಲ್ಲಿರುತ್ತದೆ, ಓದುಬಲ್ಲ ಯಾರಾದರೂ ಓದಬಹುದು.

“ಕನ್ನಡದಾಗ?” ಎಂದರು ಆಯಿ. ಅಡುಗೆಮನೆಯ ಕಡೆಗೆ ಒಮ್ಮೆ ನೋಡಿದರು.

ದೊಡ್ಡ ಅಂಕಿಯಲ್ಲಿ ನನ್ನ ನಂಬರು ಬರೆದ ಚೀಟಿ ಕೊಟ್ಟೆ. “ಮೂರ ದಿನದಾಗ ನಿಮ್ಮ ಫೋನ್ ಬಂದ್ರ ಇಟಕೊಂತೇವ್ರಿ. ಬರ್ಲಿಲ್ಲಂದ್ರ ಅಳಿಸಿಬಿಡ್ತೇವಿ. ಯಾಕ ಅಂತ ಕೇಳಂಗಿಲ್ಲ.”

ಚೀಟಿ ತಿರುಗಿಸಿ ನೋಡಿ ಆಯಿ ಬೊಚ್ಚು ಬಾಯಿ ತುಂಬ ನಕ್ಕರು. “ಇದು ಕನ್ಯಾ ನೋಡಿ ಹೋದಂಗಾತಲ್ಲೇ!”

“ಹೂಂ ಆಯಿ. ಈ ಸಲ ನೋಡೋರು ನೀವು.”

ಅಂದು ಆ ಊರಿನಿಂದ ಚಹಾ ಕುಡಿಯದೆ ಬಂದೆ. ಬಸ್ಸಿನವರೆಗಿನ ದಾರಿ ಬಹಳ ಉದ್ದವಾಯಿತು.

ಮೂರು ದಿನ ನಾನು ಫೋನನ್ನು ಕೀಬೋರ್ಡಿನ ಪಕ್ಕದಲ್ಲೇ ಇಟ್ಟುಕೊಂಡೆ. ಉಳಿದ ಹನ್ನೊಂದು ಮನೆಗಳಿಗೆ ಹೀಗೇ ಹೇಳಿಬಂದಿದ್ದೆವಲ್ಲ, ಒಂದೊಂದೇ ಫೋನು ಬಂತು, ಎಂಟು ಬಂದವು. ನಿಜ ಹೇಳಬೇಕೆಂದರೆ ನನ್ನ ಮನಸ್ಸು ಎರಡು ಹೋಳಾಗಿತ್ತು. ಆಯಿಯ ಫೋನು ಬರಲಿ ಎಂದು ಆಸೆ. ಬಂದರೆ, ಚಹಾ ಒಲ್ಲೆನೆಂದು ಹೋದ ಹುಡುಗಿಯ ಮೇಲಿನ ಮರುಕದಿಂದ ಬಂತೇನೋ ಎಂಬ ಅನುಮಾನ. ನೂರಾರು ಜನರ ಅರ್ಜಿಯಲ್ಲಿ ‘ಒಪ್ಪಿದ್ದೇನೆ’ ಎಂಬ ಚೌಕದಲ್ಲಿ ನಾನೇ ಟಿಕ್ ಹಾಕಿದವಳು, ಅವರನ್ನು ಕೇಳದೆಯೇ. ಆ ಮೂರು ದಿನ ಮಾತ್ರ ಪ್ರತಿಯೊಬ್ಬರಿಗೂ ಅದನ್ನು ಓದಿ ಹೇಳಿ, ಹಾಕಲೇ ಎಂದು ಕೇಳಿದೆ. “ಹಾಕವ್ವ ಲಗೂನ, ಬಸ್ ಹೋಗ್ತದ!” ಎಂದು ಬೈಸಿಕೊಂಡೆ.

ಮೂರನೆಯ ದಿನ ಸಂಜೆ ಮೇಡಂ ಕೇಳಿದರು, “ಬಂತೇನು?” ಇಲ್ಲ ಎಂದೆ. ಮರುದಿನ ಬೀದರ್‌ಗೆ ಹೋದೆ. ಮೇಡಂ ತಮ್ಮ ಕಂಪ್ಯೂಟರಿನಲ್ಲಿದ್ದುದನ್ನು ನನ್ನೆದುರಿಗೇ ಅಳಿಸಿದರು, ನನ್ನ ಫೋನಿನಲ್ಲಿದ್ದುದನ್ನು ನಾನು ಅಳಿಸಿದೆ. ಅವರ ಪ್ರಬಂಧದ ಮೊದಲ ಪುಟ ಖಾಲಿಯಾಯಿತು. ಅವರು ಅತ್ತರೋ ಇಲ್ಲವೋ ಗೊತ್ತಿಲ್ಲ. ಕನ್ನಡಕ ಒರೆಸಿಕೊಂಡು, ಪ್ರಶ್ನಾವಳಿ ತೆಗೆದು, ಕೊನೆಯಲ್ಲಿ ಹೊಸದೊಂದು ಪ್ರಶ್ನೆ ಬರೆದರು: ‘ಇದನ್ನು ಹೇಳುವಾಗ ಮನೆಯಲ್ಲಿ ಯಾರಿದ್ದರು? ಅವರಿಗೆ ಯಾವ ಭಾಷೆ ಬರುತ್ತದೆ?’

ಐದನೆಯ ದಿನ ಮಧ್ಯಾಹ್ನ ನನ್ನ ಫೋನು ಬಡಿದುಕೊಂಡಿತು. ಗೊತ್ತಿಲ್ಲದ ನಂಬರು.

“ಮೂರ ದಿನ ಮುಗದ್ವಿಲ್ಲ? ಎಣಿಸೀನಿ ನಾ,” ಎಂದಿತು ಆಯಿಯ ಧ್ವನಿ. “ಅಳಸೀರೇನು?”

“ಅಳಸೇವ್ರಿ ಆಯಿ.”

“ಹಂಗಿದ್ರ ಈಗ ಚಹಾಕ್ಕ ಬಾ. ಚಪ್ಪಲಿ ಬಿಟ್ಟು ಬಾ. ಏನೂ ಕೇಳಬ್ಯಾಡ.”

ಹೋದೆ, ಏನನ್ನೂ ಕೇಳಲಿಲ್ಲ. ಆಯಿ ಎಮ್ಮೆಯ ಸುದ್ದಿ ಹೇಳಿದರು, ಮೊಮ್ಮಗಳ ಶಾಲೆಯ ಸುದ್ದಿ ಹೇಳಿದರು, ಸೊಸೆ ಬಂದು ಪಕ್ಕದಲ್ಲಿ ಕೂತಳು. ಮಾತೆಲ್ಲ ಕನ್ನಡದಲ್ಲೇ ನಡೆಯಿತು. ಚಹಾ ಬಹಳ ಬಿಸಿಯಿತ್ತು. ಬಸಿಗೆ ಸುರಿದು ಆರುವವರೆಗೆ ಕಾದೆ. ಅವಸರವೇನೂ ಇರಲಿಲ್ಲ.

ಮನೆಗೆ ಬಂದು ಗೂಡಿನಿಂದ ಮುತ್ಯಾನ ಬಸಿಯನ್ನು ಕೈಗೆ ತೆಗೆದುಕೊಂಡೆ. ಒಡೆದ ಅಂಚನ್ನು ಬೆರಳಿನಿಂದ ಸವರಿದೆ. ನೀಲಿ ಬಳ್ಳಿ ಅಲ್ಲಿಯವರೆಗೆ ಬಂದು ನಿಂತಿತ್ತು. ಒಲೆಯ ಮೇಲೆ ಚಹಾ ಕುದಿಯುತ್ತಿತ್ತು.

“ಅವ್ವಾ, ಒಮ್ಮಿ ಇದರಾಗ ಕುಡೀಲೇನು?”

ಅವ್ವ ತಿರುಗಿ ಬಸಿಯನ್ನು ನೋಡಿದಳು, ನನ್ನನ್ನು ನೋಡಿದಳು.

“ಬ್ಯಾಡ,” ಎಂದಳು.

ನಾನು ಅದನ್ನು ಇದ್ದ ಜಾಗದಲ್ಲೇ ಇಟ್ಟೆ. ಯಾಕೆಂದು ಕೇಳಲಿಲ್ಲ.